ರದ್ದಿ ಪಟ್ಟಿಯ ಅರವತ್ತು ಪುಸ್ತಕಗಳು

ನಾನು ನಿವೃತ್ತಳಾದ ದಿನ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟು, ಮೈಕಿನಲ್ಲಿ ಒಬ್ಬರು "ಸಾವಿತ್ರಮ್ಮನವರು ಒಂದು ದಿನವೂ ನಿಯಮ ಮೀರಿದವರಲ್ಲ" ಎಂದರು. ವೇದಿಕೆಯ ಮೇಲೆ ಕೂತ ನಾನು ನಗು ತಡೆದುಕೊಳ್ಳಲು ಒದ್ದಾಡಿದೆ. ಹೊಗಳಿದವರು ನನ್ನ ಸರ್ವಿಸ್ ರಿಜಿಸ್ಟರನ್ನು ತೆರೆದೂ ನೋಡಿರಲಿಲ್ಲ. ಗ್ರಂಥಾಲಯದ ಕೆಲಸಕ್ಕೆ ಹೊಸದಾಗಿ ಸೇರಿರುವ ನೀವಾದರೂ ಆ ಮಾತು ನಂಬಬಾರದು ಎಂದೇ ಇದನ್ನು ಬರೆಯುತ್ತಿದ್ದೇನೆ. ನಾನು ನಿಯಮ ಮೀರಿದ್ದೇನೆ, ಬೇಕೆಂದೇ ಮೀರಿದ್ದೇನೆ, ಅದಕ್ಕೆ ಶಿಕ್ಷೆಯೂ ಆಗಿದೆ. ಒಂದಿಷ್ಟೂ ಪಶ್ಚಾತ್ತಾಪವಿಲ್ಲ.

ಪುಸ್ತಕಕ್ಕೆ ನಂಬರು ಹಾಕುವುದು, ಕಂಪ್ಯೂಟರಿಗೆ ಏರಿಸುವುದು, ತಿಂಗಳ ವರದಿ ಕಳಿಸುವುದು, ಇವನ್ನೆಲ್ಲ ನಿಮಗೆ ತರಬೇತಿಯಲ್ಲಿ ಕಲಿಸಿರುತ್ತಾರೆ. ಕಲಿಯಿರಿ, ಬೇಡ ಅನ್ನುವುದಿಲ್ಲ. ಎದುರಿಗೆ ಬಂದು ನಿಂತವರಿಗೆ ಯಾವ ಪುಸ್ತಕ ಕೊಡಬೇಕು ಅನ್ನುವುದನ್ನು ಮಾತ್ರ ಯಾರೂ ಕಲಿಸುವುದಿಲ್ಲ. ಅದಕ್ಕೊಂದು ಸುಲಭದ ದಾರಿ ಹುಡುಕಿಕೊಂಡಿದ್ದಾರೆ: ಓದಲೇಬೇಕಾದ ನೂರು ಪುಸ್ತಕಗಳ ಪಟ್ಟಿ. ಈಗಂತೂ ದಿನ ಬೆಳಗಾದರೆ ಅಂಥದ್ದೊಂದು ಪಟ್ಟಿ ಮೊಬೈಲಿಗೆ ಬಂದು ಬೀಳುತ್ತದೆ. ನಾನು ಹುಚ್ಚು ಓದಿನವಳು. ಬೈರಮಂಗಲದ ಕಡೆಯ ನಮ್ಮೂರಿನಲ್ಲಿ ಕುರಿ ಮೇಯಲು ಬಿಟ್ಟು ಬೇಲಿ ನೆರಳಲ್ಲಿ ಕೂತು ಓದಿದವಳು, ಹಸೆಮಣೆ ಏರುವ ದಿನದ ಬೆಳಗ್ಗೆಯೂ ಓದಿದವಳು, ಈಗಲೂ ಒಲೆಯ ಮೇಲಿನ ಅನ್ನ ಸೀದುಹೋಗುವವರೆಗೆ ಓದುತ್ತೇನೆ. ಇಂಥ ನನಗೇ ಆ ಪಟ್ಟಿ ಕಂಡರೆ ಓದುವ ಆಸೆ ಬತ್ತಿಹೋಗುತ್ತದೆ. ತೆಗೆದುಕೊಳ್ಳಲೇಬೇಕು ಎಂದು ಹೇಳುವುದಕ್ಕೆ ಪುಸ್ತಕವೇನು ಜ್ವರದ ಮಾತ್ರೆಯೇ?

ನನ್ನ ಮೊದಲ ಮೇಲಧಿಕಾರಿ ನಂಜುಂಡಯ್ಯನವರು. ಕನಕಪುರದಿಂದ ಕೋಡಿಹಳ್ಳಿಗೆ ಹೋಗುವ ದಾರಿಯ ಒಂದು ಊರಿನಲ್ಲಿ ಎರಡು ಕೋಣೆಯ ಶಾಖೆ. ಪುಸ್ತಕ ಕಳೆದರೆ ತಮ್ಮ ತಲೆಯ ಮೇಲೆ ಬರುತ್ತದೆ ಎಂದು ಒಳ್ಳೆಯದನ್ನೆಲ್ಲ ಬೀರುವಿಗೆ ತುಂಬಿ, ಬೀಗದ ಕೈಯನ್ನು ಉಡುದಾರಕ್ಕೆ ಕಟ್ಟಿಕೊಂಡಿದ್ದರು. ಅವರು ಪಂಚೆ ಸಡಿಲಿಸಿ ಬೀಗದ ಕೈ ಬಿಚ್ಚುವಷ್ಟರಲ್ಲಿ ಕೇಳಲು ಬಂದವರ ಆಸೆ ಅರ್ಧ ಇಳಿದಿರುತ್ತಿತ್ತು. ಇದನ್ನು ಅವರ ಮುಖಕ್ಕೇ ಹೇಳಿ ಬೈಸಿಕೊಂಡಿದ್ದೇನೆ. ಆದರೆ ನನ್ನ ಕೆಲಸದ ಅತಿ ದೊಡ್ಡ ಪಾಠ ಕಲಿಸಿದವರೂ ಅವರೇ.

ಒಂದು ದಿನ ಕುರಿ ಸಾಕುವ ಮಲ್ಲಯ್ಯ ಎಂಬಾತ ಬಂದ. ಕಂಬಳಿಯನ್ನು ಬಾಗಿಲಲ್ಲೇ ಇಟ್ಟು ಒಳಗೆ ಬಂದು ಸುಮ್ಮನೆ ನಿಂತ. "ಯಾವ ಥರದ ಪುಸ್ತಕ ಬೇಕು?" ಎಂದೆ. "ಯಾವ್ದಾದ್ರೂ ಕೊಡವ್ವ" ಎಂದು ನೆಲ ನೋಡಿದ. ಹಿಂದಿನಿಂದ ನಂಜುಂಡಯ್ಯನವರು ರೇಗಿದರು.

"ಹಂಗ್ ಕೇಳ್ತಾರೇನಮ್ಮ? ಅದು ಅವನಿಗ್ ಗೊತ್ತಿದ್ದಿದ್ರೆ ನೀನ್ಯಾಕೆ ಇಲ್ಲಿ? ಹಿಂದೆ ಯಾವ ಪುಸ್ತಕ ಅರ್ಧಕ್ಕೆ ಬಿಟ್ಟೆ, ಯಾಕೆ ಬಿಟ್ಟೆ, ಅದನ್ನ ಕೇಳು."

ಕೇಳಿದೆ. ಮಲ್ಲಯ್ಯನ ಬಾಯಿ ಬಿಚ್ಚಿತು. "ಬುಟ್ಬುಟ್ಟೆ ಕಣವ್ವ ಒಂದ. ಜನ ಜಾಸ್ತಿ ಅದ್ರಾಗೆ. ಯಾರ್ಗ್ ಯಾರ್ ಏನಾಗ್ಬೇಕು ಅಂತ್ಲೇ ತಿಳೀನಿಲ್ಲ. ನಮ್ ಮಂದೇಲಿ ಒಂದೊಂದ್ ಕುರೀನೂ ಗುರ್ತ್ ಹಿಡೀತೀನಿ ನಾನು, ಈ ಪುಸ್ತಕದಾಗ್ ಆಗ್ನಿಲ್ಲ ನೋಡು."

ಮೂರೇ ಜನರಿರುವ ಒಂದು ತೆಳ್ಳನೆಯ ಕಾದಂಬರಿ ಕೊಟ್ಟೆ. ನಾಲ್ಕೇ ದಿನಕ್ಕೆ ವಾಪಸ್ ತಂದು "ಇಂಥವು ಇನ್ನೂ ಅವ್ಯಾ?" ಎಂದ. ಅಂದಿನಿಂದ ನಾನು ಯಾರನ್ನೂ ಏನು ಇಷ್ಟ ಎಂದು ಕೇಳಿಲ್ಲ. ಜನ ಇಷ್ಟವಾದದ್ದನ್ನು ಹೇಳಲು ನಾಚುತ್ತಾರೆ, ತಾವು ಹೇಳಿದ್ದು ಸಣ್ಣ ಪುಸ್ತಕವಾಗಿಬಿಟ್ಟರೆ ಎಂದು ಹೆದರುತ್ತಾರೆ. ಬಿಟ್ಟ ಪುಸ್ತಕದ ಬಗ್ಗೆ ಕೇಳಿ ನೋಡಿ, ನ್ಯಾಯ ಹೇಳುವ ಹಾಗೆ ಎದೆ ಸೆಟೆಸಿ ಮಾತಾಡುತ್ತಾರೆ.

ಪಾಠ ಕಲಿತ ಮೇಲೂ ತಪ್ಪು ಮಾಡಿದೆ. ಚನ್ನಪಟ್ಟಣಕ್ಕೆ ವರ್ಗವಾಗಿದ್ದಾಗ ಗೊಂಬೆ ಮಾಡುವ ಪುಟ್ಟಸ್ವಾಮಾಚಾರ್ ಎಂಬ ಹಿರಿಯರು ಬಂದರು. ಮರಕ್ಕೆ ಹಚ್ಚುವ ಅರಗಿನ ಬಣ್ಣ ಅವರ ಉಗುರಿನ ಸಂದಿಯಿಂದ ಎಂದೂ ಹೋದದ್ದಿಲ್ಲ. ಆಗ ನನ್ನ ತಲೆಯಲ್ಲಿ ಒಂದು ದಪ್ಪ ಕಾದಂಬರಿ ತುಂಬಿಕೊಂಡಿತ್ತು. ಅಳುತ್ತ ಓದಿದ್ದೆ. ಕಂಡಕಂಡವರಿಗೆಲ್ಲ ಅದನ್ನೇ ಕೊಡುವ ಹುಚ್ಚು ಹಿಡಿದಿತ್ತು. ಅವರನ್ನು ಏನೂ ಕೇಳದೆ ಅದನ್ನೇ ಕೈಗಿಟ್ಟೆ. ಮಾರನೆಯ ದಿನ ಬಾಗಿಲು ತೆರೆಯುವ ಮೊದಲೇ ಬಂದು ನಿಂತಿದ್ದರು.

"ಮೇಡಂ, ನಮ್ಮನೇವ್ಳು ಹೋಗಿ ಮೂರ್ ತಿಂಗ್ಳಾಗಿಲ್ಲ. ಹೊತ್ತು ಹೋಗ್ಲಿ ಅಂತ ಪುಸ್ತಕ ಕೇಳ್ದೆ. ಇದ್ರಲ್ಲಿ ಮೊದಲ್ನೇ ಪುಟದಲ್ಲೇ ಹೆಂಡ್ತಿ ಸಾಯ್ತಾಳೆ. ಯಾರೂ ಸಾಯದೇ ಇರೋದು ಒಂದು ಕೊಡ್ತೀರಾ?"

ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕ್ಷಮೆ ಕೇಳಿ ಹುಡುಕಲು ನಿಂತೆ. ನೀವೂ ಒಮ್ಮೆ ಹುಡುಕಿ ನೋಡಿ, ಯಾರೂ ಸಾಯದ ಪುಸ್ತಕ. ಕಾದಂಬರಿಗಳಲ್ಲಿ ಅಜ್ಜಿ ಸಾಯುತ್ತಾಳೆ, ಎತ್ತು ಸಾಯುತ್ತದೆ, ಪ್ರೇಮಿಗಳಂತೂ ಸಾಲಾಗಿ ಸಾಯುತ್ತಾರೆ. ಎರಡು ದಿನ ಒಂದೊಂದೇ ತೆರೆದು ನೋಡಿ, ಕೊನೆಗೆ ನದಿಯ ದಡದಲ್ಲಿ ನಡೆದುಕೊಂಡು ಹೋದ ಒಬ್ಬರ ಪ್ರವಾಸದ ಕಥೆ ಸಿಕ್ಕಿತು. ಆಚಾರ್ ಅದನ್ನು ಒಂದು ತಿಂಗಳು ಓದಿದರು. ತಂದುಕೊಡುವಾಗ, "ನೂರಾ ಚಿಲ್ರೆ ಪುಟದ ಹತ್ರ ಒಂದು ನಾಯಿ ಸಾಯ್ತದೆ. ಹೋಗ್ಲಿ ಬಿಡಿ, ಅದು ತಡ್ಕೊಂಡೆ" ಎಂದರು. ಆಮೇಲೆ ತುಂಬ ವರ್ಷ ನಮ್ಮ ಶಾಖೆಗೆ ಬರುತ್ತಿದ್ದರು.

ಪುಸ್ತಕ ಎಷ್ಟು ದೊಡ್ಡದು ಅನ್ನುವುದಕ್ಕಿಂತ ಎದುರಿಗಿರುವವರಿಗೆ ಈ ವಾರ ಏನಾಗಿದೆ ಅನ್ನುವುದು ಮುಖ್ಯ. ಇದನ್ನು ಒಪ್ಪದ ಪಂಡಿತರ ಜೊತೆ ಸಭೆಗಳಲ್ಲಿ ಜಗಳವಾಡಿದ್ದೇನೆ. "ಜನರ ಅಭಿರುಚಿ ಮೇಲೆತ್ತಬೇಕು" ಎನ್ನುತ್ತಿದ್ದರು. ಮೇಲೆತ್ತುವುದಕ್ಕೆ ಜನರೇನು ಬಾವಿಯಲ್ಲಿ ಬಿದ್ದ ಕೊಡಪಾನವೇ ಎಂದು ಕೇಳಿದ್ದಕ್ಕೆ ಮತ್ತೆ ಎರಡು ವರ್ಷ ನನ್ನನ್ನು ಯಾವ ಸಭೆಗೂ ಕರೆಯಲಿಲ್ಲ. ಆ ಹೊತ್ತಿನಲ್ಲಿ ಒಳ್ಳೊಳ್ಳೆಯ ಪುಸ್ತಕ ಓದಿಕೊಂಡೆ.

ಇನ್ನು ರಾಮನಗರದ ಕಥೆಗೆ ಬರುತ್ತೇನೆ. ಶಿಕ್ಷೆಯಾದದ್ದು ಅಲ್ಲೇ.

ನಮ್ಮ ಶಾಖೆಯ ಆಸುಪಾಸಿನಲ್ಲಿ ರೇಷ್ಮೆ ನೂಲು ತೆಗೆಯುವ ಘಟಕಗಳಿದ್ದವು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಅಲ್ಲಿನ ಹೆಂಗಸರು ಬರುತ್ತಿದ್ದರು. ಬೆಳಗ್ಗಿನಿಂದ ಬಿಸಿನೀರಿನಲ್ಲಿ ಗೂಡು ಆಡಿಸಿ ಆಡಿಸಿ ಅವರ ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. ಸೆರಗಿಗೆ ಕೈ ಒರೆಸಿಕೊಂಡು, ಕಪಾಟಿನಿಂದ ತಮ್ಮ ಕಾದಂಬರಿ ಎತ್ತಿಕೊಂಡು, ಬೆಂಚಿನ ಮೇಲೆ ಅರ್ಧ ಗಂಟೆ ಓದಿ, ಮತ್ತೆ ಅಲ್ಲೇ ಇಟ್ಟು ಹೋಗುತ್ತಿದ್ದರು. ಮನೆಗೆ ಒಯ್ಯುವಂತಿರಲಿಲ್ಲ. ಸದಸ್ಯರಾಗಲು ಊರಿನಲ್ಲಿ ಗುರುತಿರುವ ಒಬ್ಬರ ಜಾಮೀನು ಸಹಿ ಬೇಕು. ಬಾಡಿಗೆಯ ವಠಾರದಲ್ಲಿರುವ ಕೂಲಿ ಹೆಂಗಸಿಗೆ ಸಹಿ ಹಾಕುವವರು ಯಾರು?

ಅವರಿಗೆಲ್ಲ ಜಯಮ್ಮ ಎಂಬವಳು ಮುಂದಾಳು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು, ತುಟಿ ಆಡಿಸುತ್ತ ನಿಧಾನವಾಗಿ ಓದುತ್ತಿದ್ದಳು. ಅವಳ ಮುಂದೆ ಯಾರಾದರೂ ಜೋರಾಗಿ ಮಾತಾಡಿದರೆ ತಲೆ ಎತ್ತದೆಯೇ "ಶ್!" ಎನ್ನುವಳು. ನನಗೂ ಒಮ್ಮೆ ಅಂದಿದ್ದಾಳೆ.

ಅವರದೊಂದು ಪದ್ಧತಿ ಇತ್ತು, ನನಗೆ ಗೊತ್ತಿರಲಿಲ್ಲ. ನಾನು ಬಂದ ಮೊದಲ ವರ್ಷ ವಾರ್ಷಿಕ ತಪಾಸಣೆಗೆ ಮುಂಚೆ ಹುರುಪಿನಿಂದ ಇಡೀ ಗ್ರಂಥಾಲಯ ಶುದ್ಧ ಮಾಡಿದೆ. ಒಂದೊಂದು ಪುಸ್ತಕವನ್ನೂ ಕೊಡವಿದೆ. ಕಾದಂಬರಿಗಳ ಒಳಗಿಂದ ರೇಷ್ಮೆಯ ತುಂಡು ಎಳೆಗಳು ಉದುರಿದವು, ಕೆಲವಕ್ಕೆ ಒಂದು ಗಂಟು, ಕೆಲವಕ್ಕೆ ಎರಡು, ಮೂರು. ಕಸ ಎಂದುಕೊಂಡು ಎಲ್ಲ ಬಳಿದು ಬುಟ್ಟಿಗೆ ಹಾಕಿದೆ. ಮಾರನೆಯ ಮಧ್ಯಾಹ್ನ ಜಯಮ್ಮ ಪುಸ್ತಕ ತೆರೆದಳು, ಮಗುಚಿದಳು, ಅಲ್ಲಾಡಿಸಿದಳು. ಆಮೇಲೆ ನನ್ನ ಮೇಜಿನ ಮುಂದೆ ಬಂದು ನಿಂತಳು.

"ನನ್ ಎರಡ್ ಗಂಟಿಂದು ಎಲ್ಲೋಯ್ತು?"

ಎಷ್ಟು ಗಂಟು ಅನ್ನುವುದು ಯಾರದು ಅನ್ನುವುದರ ಗುರುತು, ಎಳೆ ಎಲ್ಲಿದೆ ಅನ್ನುವುದು ಎಲ್ಲಿಗೆ ನಿಂತಿದೆ ಅನ್ನುವುದರ ಗುರುತು. ಒಂದೇ ಕಾದಂಬರಿಯನ್ನು ಮೂವರು ಓದುತ್ತಿದ್ದರೆ ಅದರಲ್ಲಿ ಮೂರು ಎಳೆ. ಬೆಂಚಿನ ತುಂಬ ಹೆಂಗಸರು ನನ್ನನ್ನು ದುರುಗುಟ್ಟಿ ನೋಡುತ್ತಿದ್ದರು. "ತಪ್ಪಾಯ್ತು ಕಣ್ರಮ್ಮ" ಎಂದೆ. "ತಪ್ಪಾಯ್ತು ಅಂದ್ರೆ ಆಗೋಯ್ತಾ? ಈಗ ನಾನ್ ಎಲ್ಲಿಂದ ಓದ್ಲಿ?" ಎಂದಳು ಜಯಮ್ಮ. ಆ ವಾರ ಮಧ್ಯಾಹ್ನಗಳೆಲ್ಲ ಅವರ ಪಕ್ಕ ಕೂತು, "ತಂಗಿ ಮದುವೆ ಆಯ್ತಾ? ಮನೆ ಪಾಲಾಯ್ತಾ?" ಎಂದು ಕೇಳಿ ಕೇಳಿ ಒಬ್ಬೊಬ್ಬರ ಪುಟ ಹುಡುಕಿಕೊಟ್ಟೆ. ಇಲಾಖೆಯ ಯಾವ ತರಬೇತಿಯಲ್ಲೂ ನಾನು ಅಷ್ಟು ಕಲಿತಿಲ್ಲ.

ವರ್ಷಗಳು ಕಳೆದವು. ಎಲ್ಲ ಕಂಪ್ಯೂಟರಿಗೆ ಏರಿತು. ಸರ್ಕಾರಿ ಕೆಲಸದ ಪರೀಕ್ಷೆಗಳಿಗೆ ಓದುವವರು ಬೆಳಗ್ಗೆಯೇ ಬಂದು ಕುರ್ಚಿ ಹಿಡಿಯತೊಡಗಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಊರಿನ ಮಕ್ಕಳು ಒಂದು ದಡ ಸೇರಬೇಕಲ್ಲ. ಅವರಿಗೆ ಜಾಗ ಸಾಲದು ಎಂದು ಜಿಲ್ಲಾ ಕಚೇರಿಯ ಹೊಸ ಸಾಹೇಬರು ಒಂದು ಆದೇಶ ತಂದರು: ಮೂರು ವರ್ಷದಿಂದ ಯಾರೂ ಎರವಲು ಪಡೆಯದ ಪುಸ್ತಕ ರದ್ದಿಗೆ ಹೋಗಬೇಕು. ಕಂಪ್ಯೂಟರಿನಿಂದ ಪಟ್ಟಿ ಹೊರಬಂತು. ಅರವತ್ತು ಪುಸ್ತಕ. ಕಣ್ಣಾಡಿಸಿದೆ. ಹೆಂಗಸರು ಓದುವ ಕಾದಂಬರಿಗಳೇ ಎಲ್ಲ. ಬಾಗಿಲು ದಾಟಿದ ಪುಸ್ತಕ ಮಾತ್ರ ಕಂಪ್ಯೂಟರಿಗೆ ಗೊತ್ತು. ಒಳಗೇ ಕೂತು ಅಂಚು ಹರಿಯುವ ತನಕ ಓದಿದ್ದು ಅದರ ಲೆಕ್ಕಕ್ಕಿಲ್ಲ.

ಸಾಹೇಬರು ಕೆಟ್ಟವರಲ್ಲ. ನನಗಿಂತ ಚಿಕ್ಕವರು, ಮರ್ಯಾದೆಯಿಂದಲೇ ಮಾತಾಡಿಸುತ್ತಿದ್ದರು. ಹೆಂಗಸರ ವಿಷಯ ಬಿಡಿಸಿ ಹೇಳಿದೆ.

"ಅವರು ಓದ್ತಾರೆ ಅಂತ ದಾಖಲೆ ಏನಿದೆ ಮೇಡಂ?"

"ಮಧ್ಯಾಹ್ನ ಬಂದು ನೋಡಿ ಸಾರ್."

"ನಾನು ನೋಡೋದು ದಾಖಲೆ ಆಗಲ್ಲ. ಈಗ ಯಾರು ಕಾದಂಬರಿ ಓದ್ತಾರೆ ಹೇಳಿ, ಎಲ್ಲರ ಕೈಯಲ್ಲೂ ಮೊಬೈಲಿದೆ. ಗುರುವಾರ ಗಾಡಿ ತರ್ತೀನಿ. ಪಟ್ಟಿಗೆ ಸಹಿ ಮಾಡಿ ಇಟ್ಟಿರಿ."

ಸಹಿ ಮಾಡುವುದಿಲ್ಲ ಎಂದೆ. ಮಾಡದಿದ್ದರೂ ಗಾಡಿ ಬರುತ್ತದೆ ಎಂದರು. ನಿವೃತ್ತಿಗೆ ಇನ್ನು ಒಂದೂವರೆ ವರ್ಷ ಇತ್ತು. ಸುಮ್ಮನಿರು ಎಂದು ಮನೆಯಲ್ಲಿ ಗಂಡ ಹೇಳಿದರು, ಸುಮ್ಮನಿರಿ ಎಂದು ನಮ್ಮ ಅಟೆಂಡರ್ ಶಿವಣ್ಣ ಹೇಳಿದ. ನಾನು ಸುಮ್ಮನೆ ಕೂತು ನಿಯಮಗಳ ಪುಸ್ತಕ ಓದಿದೆ. ಓದುವವಳಿಗೆ ಇದೊಂದು ಅನುಕೂಲ, ಯಾವ ಪುಸ್ತಕಕ್ಕೂ ಬೇಸರವಿಲ್ಲ. ಎರವಲು ಹೋಗಿರುವ ಪುಸ್ತಕವನ್ನು ರದ್ದಿಗೆ ಹಾಕುವಂತಿಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ನೌಕರರು ಓದುಗರಿಗೆ ಜಾಮೀನು ನಿಲ್ಲುವಂತಿಲ್ಲ ಎಂದೂ ಅಷ್ಟೇ ಸ್ಪಷ್ಟವಾಗಿ ಬರೆದಿತ್ತು. ಮೊದಲನೆಯದನ್ನು ಪಾಲಿಸಿದೆ, ಎರಡನೆಯದನ್ನು ಮುರಿದೆ.

ಬುಧವಾರ ಮಧ್ಯಾಹ್ನ ಬೆಂಚಿನ ಮುಂದೆ ನಿಂತು ವಿಷಯ ಹೇಳಿದೆ. ನಾಳೆ ಈ ಪುಸ್ತಕಗಳು ತೂಕಕ್ಕೆ ಹೋಗುತ್ತವೆ, ಇವತ್ತು ನೀವು ಮನೆಗೆ ಒಯ್ದರೆ ಉಳಿಯುತ್ತವೆ, ಹದಿನೈದು ದಿನಕ್ಕೆ ವಾಪಸ್ ತರಬೇಕು.

"ನಮ್ಗ್ ಯಾರ್ ಸಹಿ ಹಾಕ್ತಾರೆ?" ಎಂದಳು ಜಯಮ್ಮ.

"ನಾನು."

"ನಾವ್ ತರ್ದೇ ಹೋದ್ರೆ?"

"ನನ್ ತಲೆ ಹೋಗ್ತದೆ."

ಜಯಮ್ಮ ಎದ್ದು ಬೇರೆ ಘಟಕಗಳಿಗೂ ಹೋಗಿ ಕರೆದುಕೊಂಡು ಬಂದಳು. ಮೂವತ್ತು ಮಂದಿ ಸಾಲು ನಿಂತರು, ತಲಾ ಎರಡು ಪುಸ್ತಕ. ಅರ್ಜಿ ತುಂಬಲು ಕೈ ಸಾಲದಾದಾಗ ಪರೀಕ್ಷೆಗೆ ಓದುತ್ತಿದ್ದವರೇ ತಮ್ಮ ಪುಸ್ತಕ ಮುಚ್ಚಿ ಪೆನ್ನು ಹಿಡಿದರು. ಅವರಿಗಾಗಿಯೇ ಅಲ್ಲವೇ ಈ ಕಪಾಟು ಖಾಲಿ ಮಾಡಲು ಹೊರಟದ್ದು! ಮೂವತ್ತು ಸಲ ಸಹಿ ಹಾಕಿ ನನ್ನ ಮಣಿಕಟ್ಟು ನೋಯುತ್ತಿತ್ತು, ಭಯವೂ ಇತ್ತು. ಇಲ್ಲ ಎಂದರೆ ಸುಳ್ಳಾಗುತ್ತದೆ.

ಗುರುವಾರ ಸಾಹೇಬರು ಗಾಡಿಯೊಂದಿಗೆ ಬಂದರು. ಕಪಾಟು ಬಿಕೋ ಎನ್ನುತ್ತಿತ್ತು.

"ಪುಸ್ತಕ ಎಲ್ಲಿ?"

"ಓದೋಕೆ ಹೋಗಿವೆ ಸಾರ್. ಕಂಪ್ಯೂಟರಿನಲ್ಲಿದೆ, ನೋಡಿ. ದಾಖಲೆ ಕೇಳಿದ್ರಲ್ಲ."

ನೋಡಿದರು. ಅರ್ಜಿಗಳನ್ನೂ ನೋಡಿದರು. ಮೂವತ್ತರಲ್ಲೂ ಒಂದೇ ಜಾಮೀನು. ಅವರ ಕಿವಿ ಕೆಂಪಾಯಿತು.

"ಇದು ನೀವು ಬೇಕು ಅಂತ ಮಾಡಿದ್ದು."

"ಹೌದು ಸಾರ್."

"ಇವರ್ಯಾರೂ ವಾಪಸ್ ತರಲ್ಲ, ಬರೆದಿಟ್ಕೊಳ್ಳಿ."

"ತರದಿದ್ರೂ ರದ್ದಿಗೆ ಹಾಕಬೇಕು ಅಂತಿದ್ದ ಪುಸ್ತಕಾನೇ ಅಲ್ವಾ ಸಾರ್? ಇಲಾಖೆಗೇನು ಹೋಯ್ತು?"

ಗಾಡಿ ಖಾಲಿ ಹೋಯಿತು. ಮೂರನೆಯ ದಿನ ಮೆಮೋ ಬಂತು, ಅದರ ಹಿಂದೆಯೇ ಮಾಗಡಿಗೆ ವರ್ಗಾವಣೆ. "ನಿಮ್ಮ ವರ್ತನೆಗೆ ವಿವರಣೆ ಕೊಡಿ" ಎಂದಿತ್ತು ಮೆಮೋ. "ಪುಸ್ತಕವನ್ನು ಓದುವವರ ಕೈಗೆ ಕೊಟ್ಟಿದ್ದೇನೆ. ನನ್ನನ್ನು ನೇಮಿಸಿಕೊಂಡದ್ದು ಇದಕ್ಕೇ ಎಂದು ತಿಳಿದಿದ್ದೇನೆ" ಎಂದು ಎರಡು ಸಾಲು ಬರೆದು ಕಳಿಸಿದೆ. ಆ ಎರಡು ಸಾಲು ನನ್ನ ಸರ್ವಿಸ್ ರಿಜಿಸ್ಟರಿನಲ್ಲಿ ಈಗಲೂ ಇವೆ, ಬೇಕಾದವರು ಓದಿಕೊಳ್ಳಬಹುದು.

ಮಾಗಡಿಯಲ್ಲಿ ಕೂತು ದಿನ ಎಣಿಸಿದೆ. ಪುಸ್ತಕಗಳು ಬಾರದಿದ್ದರೆ ನಾನೊಬ್ಬಳೇ ಅಲ್ಲ, ಆ ಮೂವತ್ತೂ ಮಂದಿ ಸುಳ್ಳರಾಗುತ್ತಿದ್ದರು. ಇನ್ನು ಮುಂದೆ ಯಾವ ಕೂಲಿ ಹೆಂಗಸು ಪುಸ್ತಕ ಕೇಳಿದರೂ "ಹಿಂದೆ ಏನಾಯ್ತು ಗೊತ್ತಲ್ಲ" ಎಂದು ಬಾಗಿಲು ಹಾಕುತ್ತಿದ್ದರು. ಹದಿನೈದನೆಯ ದಿನ ಸಂಜೆ ಶಿವಣ್ಣ ಫೋನ್ ಮಾಡಿದ.

"ಎಲ್ಲಾ ಬಂದ್ವು ಮೇಡಂ. ರದ್ದಿ ಪಟ್ಟಿಯಿಂದ ಹೊಡೆದ್ ಹಾಕಿದ್ದೂ ಆಯ್ತು. ಎರವಲು ಹೋಗಿ ಬಂದಿರೋದ್ನ ಇನ್ ರದ್ದಿಗ್ ಹಾಕಂಗಿಲ್ವಲ್ಲ. ಆದ್ರೆ ಒಂದ್ ಬಂದಿಲ್ಲ."

"ಯಾರದು?"

"ಜಯಮ್ಮಂದು. ಒಂದ್ ಕೊಟ್ಲು, ಇನ್ನೊಂದ್ ಕೊಡ್ಲಿಲ್ಲ. ಸಾಹೇಬ್ರು 'ನೋಡಿದ್ರಾ' ಅಂದ್ರು."

ಐವತ್ತೊಂಬತ್ತು ಬಂದ ಸಂತೋಷವನ್ನು ಆ ಒಂದು ನುಂಗಿಹಾಕಿತು. ಬೇರೆ ಯಾರಾದರೂ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಫೋನ್ ಮಾಡಿದರೆ ಅವಳು ಎತ್ತಲಿಲ್ಲ. ಇಂಥವಳನ್ನು ನಂಬಿದೆನಲ್ಲ ಎಂದು ಒಂದು ವಾರ ಒಳಗೊಳಗೇ ಬೈದುಕೊಂಡೆ. ಅದಕ್ಕೆ ಮಾತ್ರ ಇಂದಿಗೂ ನಾಚಿಕೆಯಾಗುತ್ತದೆ.

ಮುಂದಿನ ಭಾನುವಾರ ಜಯಮ್ಮ ಮಾಗಡಿಯ ಶಾಖೆಯ ಬಾಗಿಲಲ್ಲಿ ನಿಂತಿದ್ದಳು, ರಾಮನಗರದ ಬಸ್ಸಿಳಿದು ನೇರವಾಗಿ ಬಂದವಳು. ಕೈಚೀಲದಿಂದ ಪುಸ್ತಕ ತೆಗೆದು ನನ್ನ ಮೇಜಿನ ಮೇಲೆ ಟಪ್ ಎಂದು ಇಟ್ಟಳು. ಮುಖ ಗಂಟಿಕ್ಕಿತ್ತು.

"ಅಲ್ಲೇ ಶಿವಣ್ಣನ ಕೈಗೆ ಕೊಡೋದಲ್ವೇನೇ? ಇಲ್ಲೀಗಂಟ ಯಾಕ್ ಬಂದೆ?"

"ಅಲ್ ಕೊಟ್ಬುಟ್ರೆ ಯಾರ್ ತಾವ ಜಗಳ ಆಡ್ಲಿ?" ಎಂದಳು. "ನೀವೇ ತಾನೆ ಇದ್ನ ಓದು ಅಂತ ಕೈಗ್ ಕೊಟ್ಟೋರು? ಕೊನೆ ಓದಿದ್ದೀರಾ ಇದ್ರದ್ದು?"

"ಓದಿದ್ದೀನಿ."

"ಆಯಮ್ಮ ಯಾಕ್ ವಾಪಸ್ ಹೋಗ್ಬೇಕಿತ್ತು? ಮುನ್ನೂರ್ ಪುಟ ಅವನ್ ಕೈಲಿ ಅನುಭವಿಸಿ, ಮನೆ ಬುಟ್ ಬಂದು, ಕೆಲಸ ಹಿಡಿದು, ಕೊನೇಗ್ ಅವನ್ ಕಾಲ್ ಹಿಡಿಯಾಕಾ? ತಡ ಆಗಿದ್ ಅದ್ಕೇಯ. ಮೂರ್ ಸಲ ಓದ್ದೆ ಕೊನೇದ. ನಾನೇ ಏನೋ ತಪ್ ಓದಿದ್ದೀನಿ ಅಂತ. ಇಲ್ಲ, ಹೋಯ್ತಾಳೆ ಅವ್ಳು, ಮೂರ್ ಸಲಾನೂ ಹೋದ್ಲು. ಬರ್ದೋನ್ಗೆ ಬುದ್ಧಿ ಬ್ಯಾಡ್ವಾ?"

ಆ ಕಾದಂಬರಿಯ ಬಗ್ಗೆ ದೊಡ್ಡ ದೊಡ್ಡವರ ಭಾಷಣ ಕೇಳಿದ್ದೇನೆ, ಒಬ್ಬರೂ ಈ ಪ್ರಶ್ನೆ ಎತ್ತಿರಲಿಲ್ಲ. ನಾನೂ ಎತ್ತಿರಲಿಲ್ಲ.

"ಇಂಥ ಪುಸ್ತಕಕ್ಕಾ ನೀವ್ ಮೆಮೋ ತಕಂಡು ಊರ್ ಬುಟ್ ಬಂದಿದ್ದು? ಇದೊಂದು ರದ್ದಿಗ್ ಹೋಗಿದ್ರೂ ಆಯ್ತಿತ್ತು ಕಣಕ್ಕ."

ಅಲ್ಲಿಯವರೆಗೆ ಮೇಡಂ ಅನ್ನುತ್ತಿದ್ದವಳು ಅಕ್ಕ ಅಂದಿದ್ದಳು. ಓದುತ್ತಿದ್ದವರೆಲ್ಲ ತಲೆ ಎತ್ತಿ ನೋಡುವಷ್ಟು ಜೋರಾಗಿ ನಕ್ಕುಬಿಟ್ಟೆ.

"ಓದಿರೋಳು ನೀನು, ಆ ಮಾತ್ ನೀನ್ ಹೇಳ್ಬೌದು. ಓದ್ದೇ ಇರೋರು ಹೇಳಂಗಿಲ್ಲ, ಅದ್ಕೇ ನಾನ್ ಊರ್ ಬಿಟ್ ಬಂದಿದ್ದು" ಎಂದೆ.

"ಅದೆಲ್ಲ ಇರ್ಲಿ. ಇದ್ಕಿಂತ ಒಸಿ ಒಳ್ಳೇದ್ ಇದ್ರೆ ಕೊಡಿ. ಎರಡೂವರೆ ಬಸ್ಸಿಗ್ ಹೋಗ್ಬೇಕು ನಾನು."

ಬೇರೆ ಶಾಖೆಯಲ್ಲಿ ಪುಸ್ತಕ ಪಡೆಯಬೇಕಾದರೆ ಬೇರೆ ಅರ್ಜಿ. ಖಾನೆಯಿಂದ ಒಂದು ತೆಗೆದು ಜಯಮ್ಮನ ಹೆಸರು, ವಿಳಾಸ ಬರೆದೆ. ಜಾಮೀನಿನ ಸಾಲಿನಲ್ಲಿ ನನ್ನ ಸಹಿ ಹಾಕಿ, ಪುಸ್ತಕ ಹುಡುಕಲು ಎದ್ದೆ.